ಎಂಟು ಅಡಿ ಹಲಗೆಯ ಮೇಲೆ ಒಂದು ಎರೆಸೀಮೆ ಸ್ಟೇಷನ್

ಮೊದಲ ಸಲ ಮಾದರಿ ರೈಲು ಕಟ್ಟಿದಾಗ ನಾನು ಅಂಗಡಿಯಿಂದ ಹಸಿರು ಹುಲ್ಲಿನ ಹಾಳೆ ತಂದು ಹಲಗೆಯ ಮೂಲೆಯಿಂದ ಮೂಲೆಗೆ ಅಂಟಿಸಿದ್ದೆ. ಅದರ ಮೇಲೆ ಮೊಟ್ಟೆಯಾಕಾರದ ಹಳಿ, ಒಂದು ಸುರಂಗ, ನಾಲ್ಕು ಪೈನ್ ಮರ. ಒಂದು ಭಾನುವಾರ ಕಾಕಾ ನೋಡಲು ಬಂದರು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಅಂದರೆ ಗಾಡಿ ಹಳಿ ಬದಲಿಸಲು ಪಾಯಿಂಟ್ ಹಾಕುವವರು, ಆಗಿದ್ದವರು. ಗದಗ ಕಡೆಯ ಸಣ್ಣ ಸಣ್ಣ ಸ್ಟೇಷನ್‌ಗಳಲ್ಲೇ ನೌಕರಿ ಮುಗಿಸಿದವರು. ಸ್ವಲ್ಪ ಹೊತ್ತು ಬಗ್ಗಿ ನೋಡಿ, "ಗಾಡಿ ಚಲೋ ಓಡತೈತಿ. ಆದ್ರ ಇದು ಯಾವ ಊರಪಾ? ನಮ್ಮ ಕಡೆ ಇಷ್ಟ ಹಸರ ಎಲ್ಲೈತಿ?" ಅಂದರು.

ಆ ರಾತ್ರಿಯೇ ಹುಲ್ಲಿನ ಹಾಳೆ ಕಿತ್ತೆ. ಈಗ ನಮ್ಮ ಹುಬ್ಬಳ್ಳಿ ಮನೆಯ ನಡುಮನೆ ಗೋಡೆಗೆ ಒರಗಿ ನಿಂತಿರುವುದು ಬೇರೆಯೇ ಹಲಗೆ. ಎರೆ ಹೊಲಗಳ ನಡುವೆ ಬಂದು ನಿಲ್ಲುವ ಒಂದು ಕವಲು ಮಾರ್ಗದ ಕೊನೆಯ ಸ್ಟೇಷನ್. ಅದನ್ನು ಕಟ್ಟುವಾಗ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮುಖ್ಯ ಸಲಹೆ ಇಷ್ಟೇ: ಹಳಿ ಕಡಿಮೆ ಹಾಕಿ, ನೆಲಕ್ಕೆ ಜಾಸ್ತಿ ಜಾಗ ಕೊಡಿ.

ಪ್ಲೈವುಡ್ ತರುವ ಮೊದಲು

ಮೊದಲು ಒಂದು ಸಣ್ಣ ಸ್ಟೇಷನ್‌ಗೆ ಹೋಗಿ ಅರ್ಧ ದಿನ ಕೂರಿ. ಹುಬ್ಬಳ್ಳಿಯಿಂದ ಗದಗಿನ ದಾರಿಯಲ್ಲಿ ಅಣ್ಣಿಗೇರಿ, ಹುಲಕೋಟಿ ಇವೆ. ಹಾವೇರಿ ದಾರಿಯಲ್ಲಿ ಕುಂದಗೋಳ, ಯಲವಿಗಿ, ಕರಜಗಿ ಇವೆ. ಗದಗ ದಾಟಿ ಬಾಗಲಕೋಟೆ ಕಡೆ ಹೋದರೆ ಹೊಂಬಳ, ಮಲಪ್ರಭೆಯ ದಡದ ಹೊಳೆಆಲೂರು ಸಿಗುತ್ತವೆ. ಟಿಕೆಟ್ ತಗೊಂಡು ಪ್ಲಾಟ್‌ಫಾರ್ಮ್ ಮೇಲೆಯೇ ಇರಿ. ಹಳಿ ಮೇಲೆ ಇಳಿಯುವುದು ಅಪಾಯ, 1989ರ ರೈಲ್ವೆ ಕಾಯ್ದೆ ಪ್ರಕಾರ ಅಪರಾಧ ಕೂಡ.

ಅಲ್ಲಿ ಏನು ನೋಡಬೇಕು? ರೈಲನ್ನಲ್ಲ. ಅದು ಎರಡು ನಿಮಿಷ ನಿಂತು ಹೋಗುತ್ತದೆ. ಪ್ಲಾಟ್‌ಫಾರ್ಮ್ ಎಷ್ಟು ಎತ್ತರ ಇದೆ ನೋಡಿ. ಹೊಲ ಎಲ್ಲಿ ಶುರುವಾಗುತ್ತದೆ, ನೀರಿನ ನಲ್ಲಿ ಎಲ್ಲಿದೆ, ಬೇವಿನ ಮರದ ನೆರಳು ಯಾರ ತಲೆ ಮೇಲೆ ಬೀಳುತ್ತದೆ ನೋಡಿ. ಕೆಂಪು ಬಣ್ಣದ ಮರಳಿನ ಬಕೆಟ್‌ಗಳು ಸಾಲಾಗಿ ತೂಗುತ್ತಿದ್ದರೆ ಎಣಿಸಿ. ಮುಖ್ಯವಾಗಿ ಮಣ್ಣಿನ ಬಣ್ಣ ಗುರುತಿಟ್ಟುಕೊಳ್ಳಿ. ಸ್ಟೇಷನ್ ಹೊರಗಿನ ರಸ್ತೆ ಬದಿಯಿಂದ ಒಂದು ಮುಷ್ಟಿ ಮಣ್ಣು ಡಬ್ಬಿಯಲ್ಲಿ ತುಂಬಿಕೊಂಡು ಬನ್ನಿ. ಆಮೇಲೆ ಅದು ಬೇಕಾಗುತ್ತದೆ.

ಹುಬ್ಬಳ್ಳಿಯಲ್ಲಿ 2020ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಕೂಡ ಒಮ್ಮೆ ನೋಡಿ. ಹಳೆಯ ನ್ಯಾರೋ ಗೇಜ್ ಇಂಜಿನ್ ಹತ್ತಿರ ನಿಂತರೆ ಕಬ್ಬಿಣದ ತೂಕ, ತುಕ್ಕು, ಬೋಲ್ಟ್‌ಗಳ ಗಾತ್ರ ಎಲ್ಲ ಕಣ್ಣಿಗೆ ಹತ್ತುತ್ತದೆ. ಫೋಟೋ ನೋಡಿ ಬಣ್ಣ ಹಚ್ಚುವವರಿಗೆ ಅದು ಸಿಗುವುದಿಲ್ಲ.

ಯಾವ ಮಾರ್ಗ, ಯಾವ ಕಾಲ

ನಮ್ಮ ಸೀಮೆಯಲ್ಲಿ ಕವಲು ಮಾರ್ಗ ಅಂದರೆ ಮೊದಲು ನೆನಪಾಗುವುದು ಅಳ್ನಾವರ–ದಾಂಡೇಲಿ. ಕಾಡಿನ ಮರ ಸಾಗಿಸಿದ ಮಾರ್ಗ. ಅದನ್ನು ಮಾಡುವುದಾದರೆ ನೆಲ ಕೆಂಪು, ಸಾಗವಾನಿ ಮರ, ಬಿದಿರು, ದಿಮ್ಮಿಗಳ ರಾಶಿ. ಮಲೆನಾಡಿನ ಅಂಚು ಇಷ್ಟ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ನನ್ನದು ಗದಗ ಸೀಮೆ. ಹೊಟಗಿಯಿಂದ ಗದಗಿಗೆ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಗಲ) ಮಾರ್ಗ 1884ರಲ್ಲಿ ಬಂತು. ಹಾಕಿದ್ದು ಸದರ್ನ್ ಮರಾಠಾ ರೈಲ್ವೆ. 1876–78ರ ದೊಡ್ಡ ಬರದ ನಂತರ, ಇನ್ನೊಮ್ಮೆ ಬರ ಬಿದ್ದರೆ ಕಾಳುಕಡಿ ತಲುಪಿಸಲು ದಾರಿ ಇರಬೇಕು ಅಂತ ಈ ಭಾಗಕ್ಕೆ ರೈಲು ತಂದರು. ಹತ್ತಿ ಸಾಗಣೆಯೂ ಅವರ ಲೆಕ್ಕದಲ್ಲಿತ್ತು. ನಾನು ಕಲ್ಪಿಸಿಕೊಂಡದ್ದು ಗದಗಿನ ಹತ್ತಿರ ಈ ಮಾರ್ಗದಿಂದ ಕವಲೊಡೆದು ಹತ್ತಿ ಬೆಳೆಯುವ ಊರೊಂದರಲ್ಲಿ ಮುಗಿಯುವ ಸಣ್ಣ ಹಳಿ. ಅಂಥದ್ದು ನಿಜಕ್ಕೂ ಇರಲಿಲ್ಲ, ಆದರೆ ಇದ್ದಿದ್ದರೆ ಹೀಗಿರುತ್ತಿತ್ತು ಅನ್ನಿಸಬೇಕು. ಸ್ಟೇಷನ್ ಹೆಸರು ಬನ್ನಿಕಟ್ಟಿ ರೋಡ್. ಗುಳೇದಗುಡ್ಡ ರೋಡ್ ಇದೆಯಲ್ಲ, ಹಾಗೆ. ಊರು ಹಳಿಯಿಂದ ದೂರ ಇದ್ದರೆ ಸ್ಟೇಷನ್ ಹೆಸರಿಗೆ ರೋಡ್ ಸೇರುತ್ತದೆ. ಇದರಿಂದ ಒಂದು ಉಪಕಾರ ಇದೆ. ಊರನ್ನು ಕಟ್ಟಬೇಕಾಗಿಲ್ಲ! ಒಂದು ಮಣ್ಣಿನ ರಸ್ತೆ ಹಲಗೆಯ ಅಂಚಿಗೆ ಹೋಗಿ ಮುಗಿದರೆ ಸಾಕು.

ಹುಬ್ಬಳ್ಳಿ–ಗದಗ ಹಳಿ 1990ರ ದಶಕದಲ್ಲಿ ಅಗಲವಾಗಿ ಬ್ರಾಡ್ ಗೇಜ್ ಆಯಿತು. ಗದಗ–ಬಾಗಲಕೋಟೆ ಕಡೆ ಆದದ್ದು 2000ದ ನಂತರ. ಈಗಿನ ಕಾಲ ತೋರಿಸುವುದಾದರೆ ವಿದ್ಯುತ್ ತಂತಿ, ಕಂಬ ಹಾಕಬೇಕು. ಮೊದಲ ಸಲಕ್ಕೆ ಅದು ಬಹಳ ಕಷ್ಟದ ಕೆಲಸ. ಅದಕ್ಕೇ ಗೇಜ್ ಬದಲಾದ ಮೇಲೆ, ತಂತಿ ಬರುವ ಮೊದಲಿನ ಡೀಸೆಲ್ ಕಾಲ ಆರಿಸಿಕೊಂಡೆ.

ಕಾಲದ ಜೊತೆ ತಿಂಗಳನ್ನೂ ಆರಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ. ನನ್ನ ಹಲಗೆಯಲ್ಲಿ ಯಾವಾಗಲೂ ಫೆಬ್ರವರಿ ಕೊನೆ. ಹಿಂಗಾರಿ ಜೋಳ ಕೊಯ್ದಾಗಿದೆ, ಹೊಲದಲ್ಲಿ ಕೂಳೆ ಇದೆ, ಬಣವಿ ಒಟ್ಟಿದ್ದಾರೆ. ಎರೆ ಬಿರುಕು ಬಿಡುತ್ತಿದೆ. ಬೇವು ಎಲೆ ಉದುರಿಸುತ್ತಿದೆ. ತಿಂಗಳು ಗೊತ್ತಾದರೆ ಪ್ರತಿ ಬಣ್ಣವೂ ತಾನಾಗೇ ಗೊತ್ತಾಗುತ್ತದೆ.

ಅಳತೆಯ ಲೆಕ್ಕ

ನಮ್ಮಲ್ಲಿ ಸುಲಭವಾಗಿ ಸಿಗುವುದು ಎಚ್‌ಒ ಅಳತೆ, ಅಂದರೆ 1:87. ನಿಜದ 87 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಐದೂವರೆ ಅಡಿ ಮನುಷ್ಯ 2 ಸೆಂಟಿಮೀಟರ್‌ಗಿಂತ ಒಂದು ಗೆರೆ ಕಡಿಮೆ. ಚೆನ್ನೈ ಕಾರ್ಖಾನೆಯ ಸಾಮಾನ್ಯ ಐಸಿಎಫ್ ಬೋಗಿ ಸುಮಾರು 24.5 ಸೆಂಟಿಮೀಟರ್. ಈ ಅಳತೆಯಲ್ಲಿ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ಮಾಡಲು ಹೊರಟರೆ 17 ಮೀಟರ್ ಉದ್ದದ ಕೋಣೆ ಬೇಕು. ಸಣ್ಣ ಸ್ಟೇಷನ್ ಆರಿಸಲು ಇದೂ ಒಂದು ಕಾರಣ.

ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅದು ವಿದೇಶದ ಸ್ಟ್ಯಾಂಡರ್ಡ್ ಗೇಜ್‌ಗೆ ಸರಿ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್, ಅದಕ್ಕೆ 19.3 ಬೇಕಿತ್ತು. ಸುಮಾರು 3 ಮಿಲಿಮೀಟರ್ ವ್ಯತ್ಯಾಸ. ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ. ಇದನ್ನು ಒಪ್ಪಿಕೊಂಡು ಮುಂದೆ ಹೋಗಿ. ಮೀಟರ್ ಗೇಜ್ ಕಾಲವೇ ಬೇಕು ಅನ್ನುವವರು 12 ಮಿಲಿಮೀಟರ್ ಹಳಿ ಬಳಸಬಹುದು, ಅದು ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಆದರೆ ಆ ಕಾಲದ ವೈಪಿ (ಉಗಿ), ವೈಡಿಎಂ-4 (ಡೀಸೆಲ್) ಇಂಜಿನ್‌ಗಳನ್ನು ಬಹುಪಾಲು ನೀವೇ ಕಟ್ಟಬೇಕಾಗುತ್ತದೆ. ಅದನ್ನು ಎರಡನೇ ಹಲಗೆಗೆ ಇಟ್ಟುಕೊಳ್ಳಿ.

ಹಲಗೆ ಮತ್ತು ಹಳಿಯ ನಕ್ಷೆ

ಪ್ಲೈವುಡ್ ಹಾಳೆ ಎಂಟು ಅಡಿಗೆ ನಾಲ್ಕು ಅಡಿ ಬರುತ್ತದೆ. 12 ಮಿಲಿಮೀಟರ್ ದಪ್ಪದ್ದು, ನೀರು ತಡೆಯುವ ಬಿಡಬ್ಲ್ಯೂಆರ್ ದರ್ಜೆಯದು ತನ್ನಿ. ಅಂಗಡಿಯಲ್ಲೇ ಒಂದೂವರೆ ಅಡಿ ಅಗಲಕ್ಕೆ ಉದ್ದುದ್ದ ಕೊಯ್ಸಿ. ಎಂಟು ಅಡಿಯ ಒಂದು ಪಟ್ಟಿ ಸ್ಟೇಷನ್‌ಗೆ, ನಾಲ್ಕು ಅಡಿಯ ತುಂಡು ಮರೆಯ ಯಾರ್ಡ್‌ಗೆ, ಅಂದರೆ ಗಾಡಿ ಕಣ್ಣಿಗೆ ಬೀಳದ ಹಾಗೆ ನಿಲ್ಲುವ ಜಾಗಕ್ಕೆ. ಕೆಳಗೆ ಎರಡು ಇಂಚು–ಒಂದು ಇಂಚಿನ ಮರದ ಚೌಕಟ್ಟು, ಎರಡು ಅಡಿಗೊಂದು ಅಡ್ಡಪಟ್ಟಿ. ಅಡ್ಡಪಟ್ಟಿಗಳಲ್ಲಿ ವೈರ್ ಹೋಗಲು ಈಗಲೇ ತೂತು ಹಾಕಿ. ಆಮೇಲೆ ಹಾಕಲು ಹೋದರೆ ಮೇಲಿನ ಸ್ಟೇಷನ್ ಅಲುಗುತ್ತದೆ.

ಪ್ಲೈವುಡ್‌ನ ಎರಡೂ ಬದಿಗೆ ಪ್ರೈಮರ್ ಹಚ್ಚಿ. ಧಾರವಾಡದ ಜುಲೈ ಮಳೆಗೆ ಒಂದೇ ಬದಿ ಹಚ್ಚಿದ ಹಲಗೆ ಬಾಗುತ್ತದೆ. ಕಾಲುಗಳ ಎತ್ತರ ಎದೆಮಟ್ಟಕ್ಕೆ ಇರಲಿ. ಮೇಲಿನಿಂದ ನೋಡಿದರೆ ಆಟಿಕೆ ಅನ್ನಿಸುತ್ತದೆ. ಕಣ್ಣು ಹಳಿಯ ಹತ್ತಿರ ಬಂದಾಗಲೇ ಪ್ಲಾಟ್‌ಫಾರ್ಮ್ ಮೇಲೆ ನಿಂತ ಹಾಗೆ ಅನ್ನಿಸುವುದು.

ನಕ್ಷೆ ಸರಳ. ಮರೆಯ ಯಾರ್ಡ್‌ನಿಂದ ಒಂದು ಹಳಿ ಬರುತ್ತದೆ. ಬಂದ ಕೂಡಲೇ ಒಂದು ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಅದರಿಂದ ಗೂಡ್ಸ್ ಸೈಡಿಂಗ್, ಅಂದರೆ ಸರಕಿನ ವ್ಯಾಗನ್ ನಿಲ್ಲುವ ಹಳಿ, ಕವಲಾಗುತ್ತದೆ. ಮುಂದೆ ಇನ್ನೊಂದು ಪಾಯಿಂಟ್, ಅಲ್ಲಿಂದ ಮೇನ್ ಲೈನ್ ಮತ್ತು ಅದರ ಪಕ್ಕದಲ್ಲೇ ಸಾಗುವ ಲೂಪ್ ಹಳಿ. ಕೊನೆಯಲ್ಲಿ ಮೂರನೇ ಪಾಯಿಂಟ್‌ನಲ್ಲಿ ಎರಡೂ ಸೇರಿ, ಒಂದು ಇಂಜಿನ್ ನಿಲ್ಲುವಷ್ಟು ತುಂಡು ಹಳಿ. ಮೂರೇ ಪಾಯಿಂಟ್. ರೈಲು ಅಂದರೆ ಇಂಜಿನ್ ಮತ್ತು ಮೂರು ಬೋಗಿ, ಒಟ್ಟು ಸುಮಾರು 1 ಮೀಟರ್. ಕೊನೆಯ ತುಂಡಿಗೆ 30 ಸೆಂಟಿಮೀಟರ್, ಒಂದೊಂದು ಪಾಯಿಂಟ್‌ಗೆ 20, ಲೂಪ್‌ನ ನಡುವಿಗೆ 105 ಬಿಟ್ಟರೆ ಎಂಟು ಅಡಿಯಲ್ಲಿ ಎಲ್ಲ ಕೂರುತ್ತದೆ.

ಈ ಲೆಕ್ಕ ಕಾಗದದ ಮೇಲೆ ನಂಬಬೇಡಿ. ಹಳೆಯ ಪತ್ರಿಕೆಗಳನ್ನು ಅಂಟಿಸಿ ಎಂಟು ಅಡಿ ಉದ್ದ ಮಾಡಿ ನೆಲದ ಮೇಲೆ ಹಾಸಿ. ಪಾಯಿಂಟ್, ಬೋಗಿಗಳನ್ನು ಇಟ್ಟು ನೋಡಿ. ಮೇನ್ ಲೈನ್‌ನಲ್ಲಿ ಬೋಗಿಗಳು ನಿಂತಿರುವಾಗ ಲೂಪ್‌ನಲ್ಲಿ ಇಂಜಿನ್ ಯಾವುದಕ್ಕೂ ತಾಗದೆ ಹೋಗಬೇಕು. ನಾನು ಮೊದಲು ಅಂದಾಜಿನಲ್ಲಿ ಹಾಕಿದ್ದೆ. ಮೂರನೇ ಬೋಗಿಯ ಮೂಲೆ ಇಂಜಿನ್‌ಗೆ ತಾಗಿತು. ಅಂಟಿಸಿದ ಹಳಿಯನ್ನೆಲ್ಲ ಎಬ್ಬಿಸಿ ಮತ್ತೆ ಹಾಕಬೇಕಾಯಿತು.

ಹಳಿಯನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಎಳೆಯಬೇಡಿ. ಸ್ವಲ್ಪ ಓರೆಯಾಗಿ, ಒಂದು ಸಣ್ಣ ಬಾಗಿನಲ್ಲಿ ಬರಲಿ. ಹೊಲದ ನಡುವೆ ಹಾದುಬಂದ ಹಾಗೆ ಕಾಣುತ್ತದೆ.

ಹಳಿ ಕೂರಿಸುವುದು

ಸ್ಟೇಷನರಿ ಅಂಗಡಿಯಲ್ಲಿ ಸಿಗುವ 3 ಮಿಲಿಮೀಟರ್ ಇವಿಎ ಹಾಳೆ (ಮೆತ್ತನೆ ಫೋಮ್) ಕತ್ತರಿಸಿ ಹಳಿಯ ಕೆಳಗೆ ಹಾಸಿ. ಸದ್ದು ಕಡಿಮೆಯಾಗುತ್ತದೆ, ಹಳಿಯೂ ನೆಲದಿಂದ ಎದ್ದು ಕಾಣುತ್ತದೆ. ಹಳಿ ತುಂಡುಗಳ ನಡುವೆ ಒಂದು ಕಾಗದದ ಹಾಳೆ ಹೋಗುವಷ್ಟು ಸಂದು ಬಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಲೋಹ ಹಿಗ್ಗುತ್ತದೆ, ಸಂದು ಇಲ್ಲದಿದ್ದರೆ ಹಳಿ ಉಬ್ಬುತ್ತದೆ. ಸೇರುವ ಜಾಗದಲ್ಲಿ ಬೆರಳಾಡಿಸಿ. ಉಗುರಿಗೆ ತಡೆದರೆ ಚಕ್ರಕ್ಕೂ ತಡೆಯುತ್ತದೆ.

ವೈರಿಂಗ್ ಬಗ್ಗೆ ಹೆದರಿಕೆ ಬೇಡ. 12 ವೋಲ್ಟ್ ಡಿಸಿ ಕಂಟ್ರೋಲರ್ ಒಂದು ಸಾಕು, ಶಾರ್ಟ್ ಆದರೆ ತಾನೇ ನಿಲ್ಲುವಂಥದ್ದು ನೋಡಿ ತನ್ನಿ. ಹಲಗೆಯ ಕೆಳಗೆ ಉದ್ದಕ್ಕೂ ಎರಡು ದಪ್ಪ ವೈರ್, ಒಂದು ಕೆಂಪು, ಒಂದು ಕಪ್ಪು. ಪ್ರತಿ ಹಳಿ ತುಂಡಿನಿಂದ ತೆಳು ವೈರ್ ಇಳಿಸಿ ಅವಕ್ಕೆ ಬೆಸುಗೆ ಹಾಕಿ. ಜಾಯಿಂಟ್ ಕ್ಲಿಪ್‌ಗಳ ಮೇಲೆ ಭರವಸೆ ಇಡಬೇಡಿ, ಧೂಳು ಕೂತು ಆರು ತಿಂಗಳಲ್ಲಿ ಕೈಕೊಡುತ್ತವೆ. ಕೊನೆಯ ತುಂಡು ಹಳಿಗೆ ಒಂದು ಸ್ವಿಚ್ ಹಾಕಿದರೆ ಅಲ್ಲಿ ಒಂದು ಇಂಜಿನ್ ನಿಲ್ಲಿಸಿ ಇನ್ನೊಂದನ್ನು ಓಡಿಸಬಹುದು. ಮನೆಯ 230 ವೋಲ್ಟ್ ಲೈನನ್ನು ಮಾತ್ರ ಹಲಗೆಯ ಕೆಳಗೆ ಎಳೆಯಬೇಡಿ. ಅಡಾಪ್ಟರ್ ಗೋಡೆಯಲ್ಲೇ ಇರಲಿ.

ಹಳಿ ಹಾಕಿ, ವೈರ್ ಮುಗಿಸಿ, ಒಂದು ವಾರ ಬರೀ ರೈಲು ಓಡಿಸಿ. ತಪ್ಪುಗಳೆಲ್ಲ ಈಗಲೇ ಹೊರಬೀಳಲಿ. ಮಣ್ಣು ಹಾಕಿದ ಮೇಲೆ ತಿದ್ದುವುದು ದುಪ್ಪಟ್ಟು ಕೆಲಸ.

ನೆಲ

ಇನ್ನು ನನಗೆ ತುಂಬಾ ಇಷ್ಟವಾದ ಭಾಗ.

ಎರೆ ಮಣ್ಣು ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದರ ಮೇಲೆ ಹಳಿ ನೇರವಾಗಿ ನಿಲ್ಲುವುದಿಲ್ಲ. ಅದಕ್ಕೇ ನಿಜವಾದ ಮಾರ್ಗದಲ್ಲಿ ದಿಬ್ಬ ಕಟ್ಟಿ, ಗರಸು ಹಾಕಿ, ಮೇಲೆ ಖಡಿ ಹರಡಿರುತ್ತಾರೆ. ಮಾದರಿಯಲ್ಲೂ ಈ ಮೂರು ಪದರ ಕಾಣಬೇಕು. ಕಪ್ಪು ಹೊಲ, ಅದರ ಮೇಲೆ ಕೆಂಪು ಮಿಶ್ರಿತ ಕಂದು ದಿಬ್ಬ, ಅದರ ಮೇಲೆ ಬೂದು ಖಡಿ. ಈ ಮೂರು ಬಣ್ಣ ಒಂದರ ಪಕ್ಕ ಒಂದು ಬಂದ ಗಳಿಗೆಯಲ್ಲೇ ನನ್ನ ಹಲಗೆ ಗದಗ ಸೀಮೆ ಆಯಿತು.

ತಂದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಹಳೆಯ ಹಂಚಿನ ಮೇಲೆ ಹತ್ತು ನಿಮಿಷ ಹುರಿಯಿರಿ. ಇರುವೆ ಮೊಟ್ಟೆ, ಬೂಷ್ಟು, ಬೀಜ ಎಲ್ಲ ಹೋಗುತ್ತದೆ. ಚಹಾ ಸೋಸುವ ಜರಡಿಯಲ್ಲಿ ಸೋಸಿ. ಆಮೇಲೆ ಕಾಗದದ ಮೇಲೆ ಹರಡಿ ಒಂದು ಆಯಸ್ಕಾಂತ ಆಡಿಸಿ. ಇದನ್ನು ಬಿಡಲೇಬೇಡಿ. ನಮ್ಮ ಮಣ್ಣಿನಲ್ಲಿ, ಅದರಲ್ಲೂ ಕೆಂಪು ಮಣ್ಣಿನಲ್ಲಿ, ಕಬ್ಬಿಣದ ಕಣ ಇರುತ್ತವೆ. ಇಂಜಿನ್‌ನ ಮೋಟಾರಿನಲ್ಲಿ ಆಯಸ್ಕಾಂತ ಇದೆ, ಆ ಕಣ ಎಳೆದುಕೊಂಡು ಮೋಟಾರು ಕೆಡುತ್ತದೆ.

ಹೊಲದ ಜಾಗಕ್ಕೆ ಮೊದಲು ಕಪ್ಪುಗಂದು ಬಣ್ಣ ಹಚ್ಚಿ ಒಣಗಿಸಿ. ನಂತರ ಮಣ್ಣಿಗೆ ನೀರು, ಸ್ವಲ್ಪವೇ ಫೆವಿಕಾಲ್ ಹಾಕಿ ರೊಟ್ಟಿ ಹಿಟ್ಟಿಗಿಂತ ತೆಳುವಾಗಿ ಕಲಸಿ ಬಳಿಯಿರಿ. ಫ್ಯಾನ್ ಕೆಳಗೆ ಎರಡು ದಿನ ಬಿಟ್ಟರೆ ಬಿರುಕು ತಾನಾಗೇ ಬರುತ್ತದೆ. ಯಾವ ಅಂಗಡಿಯ ಸಾಮಾನಿನಿಂದಲೂ ಅಂಥ ಬಿರುಕು ಬರುವುದಿಲ್ಲ. ಹದ ಮುಖ್ಯ. ದಪ್ಪ ಬಳಿದರೆ ಬಿರುಕು ದೊಡ್ಡದಾಗಿ ಬಾವಿಯ ಹಾಗೆ ಕಾಣುತ್ತದೆ, ಫೆವಿಕಾಲ್ ಜಾಸ್ತಿಯಾದರೆ ಬಿರುಕೇ ಬರುವುದಿಲ್ಲ. 2 ಮಿಲಿಮೀಟರ್ ದಪ್ಪ ನನಗೆ ಸರಿಹೋಯಿತು. ಮೊದಲು ರಟ್ಟಿನ ಮೇಲೆ ನಾಲ್ಕಾರು ಹದ ಮಾಡಿ ನೋಡಿ, ಊರೂರಿಗೆ ಮಣ್ಣು ಬೇರೆ.

ಬಿರುಕಿಗೆ ಮೊದಲೇ, ಮಣ್ಣು ಹಸಿ ಇರುವಾಗ ಹಳೆಯ ಬಾಚಣಿಗೆಯಿಂದ ಸಾಲು ಎಳೆಯಿರಿ. ಕಸಬರಿಗೆ ಕಡ್ಡಿಯನ್ನು 2 ಮಿಲಿಮೀಟರ್‌ಗೆ ಕತ್ತರಿಸಿ ಸಾಲಿನಲ್ಲಿ ಚುಚ್ಚಿದರೆ ಜೋಳದ ಕೂಳೆ. ಇದು ತಾಳ್ಮೆಯ ಕೆಲಸ, ಒಂದು ಗೇಣು ಹೊಲಕ್ಕೆ ನನಗೆ ಎರಡು ಸಂಜೆ ಹಿಡಿಯಿತು. ಕೊಯ್ದ ಜೋಳ ಎರಡು ಮೀಟರ್ ಉದ್ದ ಅಂದುಕೊಂಡರೆ ಇಲ್ಲಿ 2.3 ಸೆಂಟಿಮೀಟರ್. ಸೆಣಬಿನ ಹುರಿ ಬಿಚ್ಚಿ ಆ ಅಳತೆಗೆ ಕತ್ತರಿಸಿ, ನಡುವೆ ದಾರ ಕಟ್ಟಿದರೆ ಸಿವುಡು. ಅಂಥ ಸಿವುಡುಗಳನ್ನು ಒಟ್ಟಿದರೆ ಬಣವಿ. ಹೊಲಕ್ಕೂ ಹೊಲಕ್ಕೂ ನಡುವೆ ಒಡ್ಡು ಹಾಕಿ, ಒಣಹುಲ್ಲು ಮತ್ತು ಒಂದೆರಡು ಜಾಲಿ ಕಂಟಿ ಇಡಿ.

ಖಡಿಗೂ ಅಳತೆ ಇದೆ. ರೈಲ್ವೆ ಖಡಿ ಸುಮಾರು 50–65 ಮಿಲಿಮೀಟರ್. ಇಲ್ಲಿ ಅದು ಮುಕ್ಕಾಲು ಮಿಲಿಮೀಟರ್ ಕೂಡ ಆಗುವುದಿಲ್ಲ. ಎಂ-ಸ್ಯಾಂಡ್ ಸೋಸಿದರೆ ಸರಿಯಾದ ಕಾಳು ಸಿಗುತ್ತದೆ, ಬಣ್ಣವೂ ಬೂದು. ಹಳಿಯ ನಡುವೆ ಒಣದಾಗಿ ಹಾಕಿ, ಮೆತ್ತನೆ ಬ್ರಷ್‌ನಿಂದ ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ) ಮೇಲಿನ ಕಾಳು ಸರಿಸಿ. ಮಂಜಿನ ಹಾಗೆ ನೀರು ಸಿಂಪಡಿಸಿ. ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಸಿರಿಂಜಿನಿಂದ ಹನಿಹನಿಯಾಗಿ ಬಿಡಿ. ಸೋಪಿನ ಹನಿ ಇಲ್ಲದಿದ್ದರೆ ಅಂಟು ಮೇಲೆಯೇ ಮುತ್ತಿನ ಹಾಗೆ ನಿಲ್ಲುತ್ತದೆ. ಪಾಯಿಂಟ್‌ನ ಅಲುಗಾಡುವ ಭಾಗದ ಹತ್ತಿರ ಅಂಟು ಬೇಡ, ಅಲ್ಲಿ ಬಣ್ಣ ಹಚ್ಚಿದರೆ ಸಾಕು.

ಸ್ಟೇಷನ್ ಮತ್ತು ಸುತ್ತಮುತ್ತ

ಕಟ್ಟಡಕ್ಕೆ 3 ಮಿಲಿಮೀಟರ್ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಸಾಕು. ಏಳು ಅಡಿ ಬಾಗಿಲು ಇಲ್ಲಿ ಎರಡೂವರೆ ಸೆಂಟಿಮೀಟರ್‌ಗೆ ಒಂದು ಕೂದಲು ಕಡಿಮೆ. ಮಂಗಳೂರು ಹೆಂಚಿನ ಚಾವಣಿಗೆ ದಪ್ಪ ಕಾಗದದ ಪಟ್ಟಿಗಳನ್ನು ಪೆನ್ಸಿಲ್ ಮೊನೆಯಿಂದ ಒತ್ತಿ ಸಾಲು ಮಾಡಿ ಒಂದರ ಮೇಲೊಂದು ಅಂಟಿಸಿ. ಸನ್‌ಬೋರ್ಡ್‌ಗೂ ಥರ್ಮಾಕೋಲ್‌ಗೂ ಸ್ಪ್ರೇ ಪೇಂಟ್, ರಬ್ಬರ್ ಅಂಟು ತಾಗಿಸಬೇಡಿ, ಕರಗುತ್ತವೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವೇ ಸರಿ.

ಪ್ಲಾಟ್‌ಫಾರ್ಮ್ ಎತ್ತರ ಮಾಡಬೇಡಿ. ಹಳ್ಳಿ ಸ್ಟೇಷನ್‌ಗಳಲ್ಲಿ ಅದು ಬಹುತೇಕ ಹಳಿಯ ಮಟ್ಟಕ್ಕೇ ಇರುತ್ತಿತ್ತು. ಮುದುಕರು ಬೋಗಿಯ ಮೆಟ್ಟಿಲಿಗೆ ಕಾಲೆತ್ತಿ ಇಡುತ್ತಿದ್ದರು. ಅಂಥ ಒಬ್ಬ ಅಜ್ಜನನ್ನು, ಪಟಗ ಸುತ್ತಿದವನನ್ನು, ಬೋಗಿಯ ಬಾಗಿಲ ಹತ್ತಿರ ನಿಲ್ಲಿಸಿ. ಎರಡೂ ತುದಿಗೆ ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದ ಹೆಸರು ಫಲಕ, ಕೆಳಗೆ ಸಮುದ್ರ ಮಟ್ಟದಿಂದ ಎತ್ತರ. ಗೇಟ್‌ಗೆ ಮುಂಚೆ ಸೀಟಿ ಊದಲು ಹೇಳುವ ಹಳದಿ ಫಲಕ. ಕೈಗಂಬದ ಸಿಗ್ನಲ್ ಹಾಕುವುದಾದರೆ ಕೈ ಅಡ್ಡಕ್ಕಿದ್ದರೆ ನಿಲ್ಲು, ಕೆಳಗೆ ಬಾಗಿದರೆ ಬಾ.

ಗೂಡ್ಸ್ ಸೈಡಿಂಗ್ ಹತ್ತಿರ ಹತ್ತಿಯ ಅಂಡಿಗೆಗಳಿರಲಿ. ಬ್ಯಾಂಡೇಜ್ ಬಟ್ಟೆಯಲ್ಲಿ ಹತ್ತಿ ಸುತ್ತಿ ದಾರ ಬಿಗಿದರೆ ಸಾಕು. ಹಾವೇರಿ ಕಡೆಯವರು ಬ್ಯಾಡಗಿ ಮೆಣಸಿನಕಾಯಿ ಹರಡಬಹುದು. ಕೆಂಪು ನೈಲಾನ್ ಬ್ರಷ್‌ನ ಎಳೆಗಳನ್ನು ಒಂದೂವರೆ ಮಿಲಿಮೀಟರ್‌ಗೆ ಕತ್ತರಿಸಿ ರಾಶಿ ಹಾಕಿದರೆ ದೂರದಿಂದ ಅದೇ ಕೆಂಪು. ನಿಜವಾದ ಖಾರದಪುಡಿ, ರವೆ ಬಳಸಬೇಡಿ, ಇರುವೆ, ಹುಳ ಬರುತ್ತವೆ.

ಮರಕ್ಕೆ ಹಳೆಯ ಮೋಟಾರಿನ ತಾಮ್ರದ ತಂತಿ ಹೊಸೆದು ಕೊಂಬೆ ಮಾಡಿ, ಬಣ್ಣ ಹಾಕಿದ ಕಟ್ಟಿಗೆ ಪುಡಿ ಅಂಟಿಸಿ. ಬೇವು ಫೆಬ್ರವರಿಯಲ್ಲಿ ತೆಳ್ಳಗಿರುತ್ತದೆ, ಜಾಸ್ತಿ ಎಲೆ ಬೇಡ. ಮೂರು ಮರ ಸಾಕು. ನಾನು ಒಂದು ಬನ್ನಿ ಮರಕ್ಕೆ ಕಟ್ಟೆ ಕಟ್ಟಿದೆ, ಸ್ಟೇಷನ್‌ಗೆ ಹೆಸರು ಕೊಟ್ಟ ಮರ ಅದು.

ಓಡಿಸುವುದು

ಬೆಳಿಗ್ಗೆಯ ಗಾಡಿ ಮರೆಯಿಂದ ಬರುತ್ತದೆ, ಮೂರು ಬೋಗಿಗಳ ಹಿಂದೆ ಹತ್ತಿಗೆ ಒಂದು ಖಾಲಿ ವ್ಯಾಗನ್. ಪ್ಲಾಟ್‌ಫಾರ್ಮ್‌ನಲ್ಲಿ ನಿಲ್ಲುತ್ತದೆ. ಇಂಜಿನ್ ಕಳಚಿ ಕೊನೆಯ ತುಂಡಿಗೆ ಹೋಗಿ, ಲೂಪ್‌ನಲ್ಲಿ ಹಿಂದೆ ಬಂದು ಇನ್ನೊಂದು ತುದಿಗೆ ಸೇರಬೇಕು. ಆಮೇಲೆ ವ್ಯಾಗನ್ ಹಿಡಿದು ಹೊರಗೆಳೆದು ಸೈಡಿಂಗ್‌ಗೆ ತಳ್ಳಬೇಕು. ತುಂಬಿದ ವ್ಯಾಗನ್ ಒಂದಿದ್ದರೆ ಅದನ್ನು ಮೊದಲು ತೆಗೆಯಬೇಕು. ನಿಧಾನವಾಗಿ ಮಾಡಿದರೆ ಇಪ್ಪತ್ತು ನಿಮಿಷ. ಮೂರು ಪಾಯಿಂಟ್‌ಗೆ ಇಷ್ಟು ಕೆಲಸ!

ಓಡಿಸುವ ಮೊದಲು ಪ್ರತಿ ಸಲ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರೆಸಿ. ಮುಗಿದ ಮೇಲೆ ಹಳೆಯ ಪಂಚೆ ಹೊದಿಸಿ, ಹುಬ್ಬಳ್ಳಿಯ ಧೂಳು ಒಂದು ದಿನಕ್ಕೇ ಕೂರುತ್ತದೆ.

ಕಾಕಾ ಮತ್ತೆ ಬಂದಾಗ ಊರಿನ ಹೆಸರು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಕೂತರು. ಇಂಜಿನ್ ಲೂಪ್‌ಗೆ ತಿರುಗುವಾಗ ನಾನು ಮೂರನೇ ಪಾಯಿಂಟ್ ಹಾಕುವುದನ್ನು ಮರೆತಿದ್ದೆ. "ತಡಿ ತಡಿ, ಪಾಯಿಂಟ್ ಇನ್ನಾ ಬಿದ್ದಿಲ್ಲ" ಅಂತ ಕೈ ಎತ್ತಿ ಗಾಡಿ ನಿಲ್ಲಿಸಿದರು.